ಮಿಲಾನಿನ ಮ್ಯೂಸಿಯಂ ಮತ್ತು ಪಾದ್ರಿ ಸ್ತೊಪ್ಪಾನಿ

ಮಿಲಾನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಹುಟ್ಟಿದ್ದು 1838ರಲ್ಲಿ, ಜೂಸೆಪ್ಪೆ ದೆ ಕ್ರಿಸ್ತೋಫೊರಿಸ್ ಮತ್ತು ಜೋರ್ಜೊ ಯಾನ್ ಕೂಡಿಟ್ಟಿದ್ದ ವಸ್ತುಗಳು ನಗರದ ಪಾಲಾದಾಗ. 1882ರಲ್ಲಿ ಅದರ ನಿರ್ದೇಶಕರಾಗಿ ಬಂದವರು ಅಂತೋನಿಯೊ ಸ್ತೊಪ್ಪಾನಿ. ವೃತ್ತಿಯಿಂದ ಕ್ಯಾಥೊಲಿಕ್ ಪಾದ್ರಿ, ಒಲವಿನಿಂದ ಭೂವಿಜ್ಞಾನಿ.

ಕೋಮೊ ಸರೋವರದ ದಡದ ಲೆಕ್ಕೊದಲ್ಲಿ 1824ರಲ್ಲಿ ಜನಿಸಿದ ಇವರು ದೀಕ್ಷೆ ಪಡೆದದ್ದು 1848ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಸೇನೆಯ ವಿರುದ್ಧ ಮಿಲಾನ್ ಐದು ದಿನ ದಂಗೆಯೆದ್ದಿತು. ಮುತ್ತಿಗೆಯೊಳಗೆ ಸಿಕ್ಕಿಬಿದ್ದ ಊರಿನ ಸುದ್ದಿ ಹಳ್ಳಿಗಳಿಗೆ ಮುಟ್ಟಬೇಕಿತ್ತು. ಸ್ತೊಪ್ಪಾನಿ ಮತ್ತು ಸೆಮಿನರಿಯ ಸಂಗಾತಿಗಳು ಕಾಗದದ ಬಿಸಿಗಾಳಿ ಬಲೂನುಗಳಲ್ಲಿ ಕರಪತ್ರಗಳನ್ನಿಟ್ಟು ಕೋಟೆಗೋಡೆಯಾಚೆ ಹಾರಿಬಿಟ್ಟರು. ದಂಗೆಗೆ ಹಿಮ್ಮೆಟ್ಟಿದ್ದ ಆಸ್ಟ್ರಿಯನ್ನರು ನಗರಕ್ಕೆ ಮರಳಿ ಬಂದ ಮೇಲೆ ಸೆಮಿನರಿಯ ಪಾಠದ ಕೆಲಸ ಅವರ ಕೈತಪ್ಪಿತು. ಲೊಂಬಾರ್ದಿಯ ಬೆಟ್ಟಗಳಂತೂ ಕೈಬಿಡಲಿಲ್ಲ. ಏಸಿನೊ ಪರ್ವತಗಳ ಪಳೆಯುಳಿಕೆಗಳ ಅಧ್ಯಯನ ಅವರಿಗೆ ವಿದ್ವಾಂಸರ ನಡುವೆ ಹೆಸರು ತಂದಿತು. ಮುಂದೆ ಪಾವಿಯ, ಮಿಲಾನ್, ಫ್ಲಾರೆನ್ಸ್‌ಗಳಲ್ಲಿ ಪ್ರಾಧ್ಯಾಪಕರಾದರು.

ಜನಮನ ಗೆದ್ದದ್ದು 1876ರ 'ಇಲ್ ಬೆಲ್ ಪಯೆಸೆ' ಎಂಬ ಪುಸ್ತಕ. ಸಂಜೆ ಹೊತ್ತು ಮನೆಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಾವನೊಬ್ಬ ಇಟಲಿಯ ಹಿಮನದಿ, ಗುಹೆ, ಜ್ವಾಲಾಮುಖಿಗಳ ಕಥೆ ಹೇಳುವ ಬರಹ ಅದು. ಆಗಷ್ಟೇ ಒಂದಾಗಿದ್ದ ದೇಶ ತನ್ನ ನೆಲವನ್ನು ಅದರಲ್ಲಿ ಪರಿಚಯ ಮಾಡಿಕೊಂಡಿತು. 1906ರಲ್ಲಿ ಇಟಲಿಯ ಉದ್ಯಮಿ ಗಲ್ಬಾನಿಯವರು ತಯಾರಿಸಿದ ಚೀಸ್‌ಗೂ ಆ ಪುಸ್ತಕದ್ದೇ ಹೆಸರು; ಅದರ ಲೇಬಲ್ಲಿನ ಮೇಲೆ ಸ್ತೊಪ್ಪಾನಿಯವರ ಚಿತ್ರ. ವಿಜ್ಞಾನಿಯೊಬ್ಬನಿಗೆ ಇಂಥ ಜನಪ್ರಿಯತೆ ಅಪರೂಪ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1873ರ ಅವರ ಒಂದು ವಿಚಾರ. ಮನುಷ್ಯನೂ ಭೂಮಿಯನ್ನು ಬದಲಿಸುವ ಪ್ರಾಕೃತಿಕ ಶಕ್ತಿಗಳ ಸಾಲಿಗೆ ಸೇರಿದ್ದಾನೆ, ಅವನ ಕಾಲವನ್ನು 'ಆಂತ್ರೊಪೊಜೊಯಿಕ್' ಯುಗವೆಂದು ಕರೆಯಬೇಕು ಎಂದರು. ಪಾದ್ರಿಯಾದ ಅವರಿಗೆ ಅದರಲ್ಲಿ ದೇವರ ಸಂಕಲ್ಪವೂ ಕಂಡಿತ್ತು. 2002ರಲ್ಲಿ 'ಆಂತ್ರೊಪೊಸೀನ್' (ಮಾನವ ಯುಗ) ಕುರಿತು ಬರೆಯುವಾಗ ವಾತಾವರಣ ವಿಜ್ಞಾನಿ ಪೌಲ್ ಕ್ರುಟ್ಜೆನ್ ಈ ಪೂರ್ವಸೂರಿಯನ್ನು ನೆನೆದರು. ಆ ಹೆಸರನ್ನು ಭೂವೈಜ್ಞಾನಿಕ ಕಾಲಮಾನಕ್ಕೆ ಸೇರಿಸುವ ಪ್ರಸ್ತಾವವನ್ನು 2024ರಲ್ಲಿ ವಿಜ್ಞಾನಿಗಳ ಸಮಿತಿ ತಿರಸ್ಕರಿಸಿತು. ಚರ್ಚೆ ಮಾತ್ರ ನಿಂತಿಲ್ಲ.

ಮ್ಯೂಸಿಯಂಗೆಂದೇ ಹೊಸ ಕಟ್ಟಡದ ಕೆಲಸ 1888ರಲ್ಲಿ, ಸ್ತೊಪ್ಪಾನಿಯವರ ಅವಧಿಯಲ್ಲೇ ಶುರುವಾಯಿತು. ಅದು ಮುಗಿಯುವ ಮುನ್ನ, 1891ರ ಜನವರಿ 1ರಂದು, ಅವರು ತೀರಿಕೊಂಡರು. 1943ರ ಆಗಸ್ಟ್‌ನ ಬಾಂಬ್ ದಾಳಿಯಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿದ್ದು ಸಂಗ್ರಹದ ಬಹುಭಾಗ ನಾಶವಾಯಿತು. ಮಿಲಾನ್ ಅದನ್ನು ಮತ್ತೆ ಕಟ್ಟಿ 1952ರಲ್ಲಿ ಜನರಿಗೆ ತೆರೆಯಿತು.