ಕೀರ್ದಿ ಪುಸ್ತಕದಿಂದ ಕಂಪ್ಯೂಟರಿಗೆ: ಇಳಕಲ್ ಸೀರೆಯಂಗಡಿಯ ಲೆಕ್ಕದ ಚರಿತ್ರೆ

ಐಹೊಳೆಯ ಐನೂರ್ವರನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರೆಂದು ನಂಬಿದ್ದೇನೆ. ಹುನಗುಂದ ಸೀಮೆಯ ಆ ಊರಿನ ಹೆಸರು ಹೊತ್ತ ವರ್ತಕ ಸಂಘವು ತಮಿಳುನಾಡನ್ನು ದಾಟಿ ಸುಮಾತ್ರದವರೆಗೂ ವ್ಯಾಪಾರ ನಡೆಸಿತು. ಅಲ್ಲಿಯ ಲೋಬು ತುವಾದಲ್ಲಿ 1088ರ ಅದರ ತಮಿಳು ಶಾಸನವೊಂದು ದೊರೆತಿದೆ. ನಮ್ಮ ನಾಡಿನ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಬರುತ್ತವೆ. ನೇಕಾರನ ಮಗ್ಗಕ್ಕೂ ಮಗ್ಗದೆರೆ ಎಂಬ ತೆರಿಗೆಯಿತ್ತು. ಸುಂಕದಲ್ಲಿ ಇಂತಿಷ್ಟನ್ನು ದೇವಾಲಯಕ್ಕೆ ಬಿಟ್ಟಾಗ ಅದನ್ನು ಕಲ್ಲಿನ ಮೇಲೆ, ಜನರ ಭಾಷೆಯಲ್ಲಿ ಕೆತ್ತಿಸುತ್ತಿದ್ದರು. ಆದ್ದರಿಂದ ವ್ಯಾಪಾರಿ ತೆರಿಗೆ ಕೊಡುವುದು ನಮಗೆ ಹೊಸತಲ್ಲ. ಹೊಸತಾದದ್ದು ಲೆಕ್ಕ ಒಪ್ಪಿಸುವ ಬಗೆ. ಅದರ ಕಥೆಯನ್ನು ನಮ್ಮ ಇಳಕಲ್ ಸೀರೆಯಂಗಡಿಯ ಮೂಲಕ ಹೇಳಲು ಯತ್ನಿಸುತ್ತೇನೆ.

ಬಾಗಲಕೋಟೆ, ಬಾದಾಮಿ, ಹುನಗುಂದಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಮುಂಬಯಿ ಪ್ರಾಂತದಲ್ಲಿ ಮಾರಾಟ ತೆರಿಗೆಯ ಕಾಯಿದೆ 1946ರಲ್ಲಿ ಬಂದಿತು. ಏಕೀಕರಣದ ಬಳಿಕ 1957ರಲ್ಲಿ ಮೈಸೂರು ಮಾರಾಟ ತೆರಿಗೆ ಕಾಯಿದೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಮುಖ್ಯ ಬದಲಾವಣೆಯಾಯಿತು. ಬಟ್ಟೆ, ಸಕ್ಕರೆ, ತಂಬಾಕುಗಳ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯಗಳು ಬಿಟ್ಟುಕೊಟ್ಟವು. ಅದಕ್ಕೆ ಪ್ರತಿಯಾಗಿ ಕೇಂದ್ರವು ಹೆಚ್ಚುವರಿ ಅಬಕಾರಿ ಸುಂಕ ವಿಧಿಸಿ, ಅದರ ಹಣವನ್ನು ರಾಜ್ಯಗಳಿಗೆ ಹಂಚತೊಡಗಿತು. ಹೀಗಾಗಿ ಕಿರಾಣಿ ಸಾಮಾನಿನವನಿಗೂ ಗ್ರಾನೈಟಿನವನಿಗೂ ಇದ್ದ ಮಾರಾಟ ತೆರಿಗೆಯ ಕಾಗದಪತ್ರಗಳ ಕಾಟವು ಸೀರೆಯ ಅಂಗಡಿಗೆ ಅನೇಕ ದಶಕಗಳ ಕಾಲ ತಟ್ಟಲಿಲ್ಲ.

ಹಾಗೆಂದು ಲೆಕ್ಕವಿರಲಿಲ್ಲವೆಂದಲ್ಲ. ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಹೊಸ ಕೀರ್ದಿ ತೆರೆಯುತ್ತಿದ್ದರು. ದಿನದ ರೋಖವೂ ಉದ್ರಿಯೂ ಕೀರ್ದಿಗೆ, ಅಲ್ಲಿಂದ ಖತಾವಣಿಗೆ ಹೋಗುತ್ತಿದ್ದವು. ಸಾವುಕಾರರು ನೇಕಾರನಿಗೆ ನೂಲು ಕೊಟ್ಟು, ಸೀರೆ ಪಡೆದು, ಮಜೂರಿ ಕೊಡುತ್ತಿದ್ದರು. ಆದರೆ ಆ ಬರಹ ಮನೆಯವರಿಗೆ ಮಾತ್ರ ಅರ್ಥವಾಗುವಂಥದು. ಅರ್ಧ ಲೆಕ್ಕ ಪುಸ್ತಕದಲ್ಲಿ, ಇನ್ನರ್ಧ ಯಜಮಾನರ ತಲೆಯಲ್ಲಿ!

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಗೆ ಬಂದು ಈ ಸ್ಥಿತಿ ಬದಲಾಯಿತು. 2005ರಿಂದ ವ್ಯಾಟ್ ಕಂಡಿದ್ದ ಇತರ ವ್ಯಾಪಾರಿಗಳಿಗೆ ಇದು ಹಳೆಯ ರೋಗದ ಹೊಸ ಔಷಧ. ಬಟ್ಟೆಯವರಿಗಾದರೋ ರೋಗವೂ ಹೊಸದು, ಔಷಧವೂ ಹೊಸದು. ಸೂರತ್ತಿನ ಜವಳಿ ವರ್ತಕರು ಆ ತಿಂಗಳು ದಿನಗಟ್ಟಲೆ ಅಂಗಡಿ ಮುಚ್ಚಿ ಪ್ರತಿಭಟಿಸಿದ್ದು ಇದೇ ಕಾರಣಕ್ಕೆ.

ಸಿದ್ಧತೆ ಏನೇನಿತ್ತು? ಮೊದಲು 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ. ಅದರಲ್ಲಿ ಮೊದಲ ಎರಡು ಅಂಕಿ ಕರ್ನಾಟಕದ 29, ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಬಳಿಕ ಕ್ರಮಸಂಖ್ಯೆಯುಳ್ಳ ಬಿಲ್ಲು, ಕೊಂಡ ಸರಕಿನ ಬಿಲ್ಲುಗಳ ಕಟ್ಟು. ತಿಂಗಳ ರಿಟರ್ನಿನವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆಯ ಲೆಕ್ಕವನ್ನು 20ರೊಳಗೆ ಸಲ್ಲಿಸಬೇಕು. 2021ರಿಂದ 5 ಕೋಟಿ ರೂಪಾಯಿವರೆಗಿನ ವಹಿವಾಟಿನವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಅನುಕೂಲವಿದೆ; ತೆರಿಗೆಯನ್ನು ಮಾತ್ರ ತಿಂಗಳು ತಿಂಗಳು ಕಟ್ಟಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಬೆಸೆಯುತ್ತಾರೆ. ಈ ತೆರಿಗೆಯೂ ಹಾಗೆಯೇ ಕೊಂಡಿಯ ಮೇಲೆ ನಿಂತಿದೆ: ನೂಲು ಮಾರಿದವನ ಲೆಕ್ಕಕ್ಕೂ ಕೊಂಡವನ ಲೆಕ್ಕಕ್ಕೂ ತಾಳೆಯಾಗಬೇಕು. ಸೀರೆಗೆ ಶೇಕಡಾ 5 ತೆರಿಗೆ. ಕೃತಕ ನೂಲಿಗೆ ಮೊದಲು 18, 2017ರ ಅಕ್ಟೋಬರಿನಿಂದ 12, 2025ರ ಸೆಪ್ಟೆಂಬರ್ 22ರಿಂದ 5. ನಡುವಿನ ವರ್ಷಗಳಲ್ಲಿ ನೂಲಿಗೆ ಹೆಚ್ಚು ಕಟ್ಟಿದ ಹಣವನ್ನು ಮರಳಿ ಪಡೆಯುವ ಅವಕಾಶ ಬಟ್ಟೆಗೆ 2018ರ ಆಗಸ್ಟಿನಿಂದ ಸಿಕ್ಕಿತು. ಆದರೆ ನೂಲಿನ ಬಿಲ್ಲು ಇಟ್ಟುಕೊಳ್ಳದವನಿಗೆ ಅದು ಕನ್ನಡಿಯೊಳಗಿನ ಗಂಟು.

ಸಣ್ಣವರಿಗೆ ವಿನಾಯಿತಿಗಳಿವೆ. ರಾಜ್ಯದೊಳಗೆ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಒಂದೂವರೆ ಕೋಟಿಯವರೆಗಿನ ವ್ಯಾಪಾರಿ ರಾಜಿ ತೆರಿಗೆಯಡಿ ಶೇಕಡಾ 1 ಕಟ್ಟಬಹುದು. ಆದರೆ ಅಂಥವನು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇಳಕಲ್ ಸೀರೆ ಉಡುವ ಎಷ್ಟೋ ತಾಯಂದಿರು ಮಹಾರಾಷ್ಟ್ರದಲ್ಲಿದ್ದಾರೆ. ಸೊಲ್ಲಾಪುರಕ್ಕೆ ಸೀರೆಯ ಗಂಟು ಕಳಿಸಬೇಕಾದ ಅಂಗಡಿಗೆ ಈ ಸುಲಭದ ದಾರಿ ಮುಚ್ಚಿತು. ಐನೂರ್ವರು ಸಮುದ್ರ ದಾಟಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

2025ರ ಜುಲೈನಲ್ಲಿ ಏನಾಯಿತೆಂಬುದು ನಿಮಗೆ ಗೊತ್ತೇ ಇದೆ. ಯು.ಪಿ.ಐ. ಮೂಲಕ ಬಂದ ಹಣದ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಲವರು ಹೆದರಿ ಕ್ಯೂ.ಆರ್. ಫಲಕವನ್ನೇ ತೆಗೆದರು. ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಭರವಸೆ ಕೊಟ್ಟ ಮೇಲೆ ಗದ್ದಲ ತಣಿಯಿತು. ತೆರಿಗೆಯೇ ಇಲ್ಲದ ತರಕಾರಿ ಮಾರಿದವನೂ ಹೆದರಿದನೇಕೆ? ಹಣ ಬಂದ ದಾಖಲೆ ಸರ್ಕಾರದ ಬಳಿ ಇತ್ತು, ಯಾವುದಕ್ಕೆ ಬಂದಿತೆಂಬ ದಾಖಲೆ ಅವನ ಬಳಿ ಇರಲಿಲ್ಲ.

ನನಗೆ ಚಿಂತೆಯೆನಿಸುವುದು ಇದೇ. ಕೀರ್ದಿಯನ್ನು ಯಜಮಾನ ತಾನೇ ಬರೆಯುತ್ತಿದ್ದ, ತಾನೇ ಓದುತ್ತಿದ್ದ. ಇಂದಿನ ರಿಟರ್ನ್ ಇಂಗ್ಲಿಷಿನಲ್ಲಿದೆ. ಪಾಸ್‌ವರ್ಡ್ ಸಲಹೆಗಾರರ ಕೈಯಲ್ಲಿ, ಒ.ಟಿ.ಪಿ. ಬಂದಾಗ ಓದಿ ಹೇಳುವುದಷ್ಟೇ ಯಜಮಾನನ ಕೆಲಸ. ತನ್ನ ಹೆಸರಿನಲ್ಲಿ ಏನು ಸಲ್ಲಿಕೆಯಾಯಿತೆಂದು ಅವನಿಗೆ ತಿಳಿಯದು. ಸಲಹೆಗಾರರು ಬೇಕು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಗಡಿಯಲ್ಲಿ ಕೂಡುವ ನನ್ನ ವಿದ್ಯಾರ್ಥಿಗಳಿಗೆ ಈ ಮುದುಕನ ಮಾತೊಂದಿದೆ: ದಿನದ ಕೀರ್ದಿಯನ್ನು ಕನ್ನಡದಲ್ಲಿಯೇ ಬರೆಯಿರಿ, ಕೊಂಡ ಬಿಲ್ಲುಗಳನ್ನು ಕಟ್ಟಿಡಿ, ಸಲ್ಲಿಸಿದ ರಿಟರ್ನಿನ ಪ್ರತಿಯನ್ನು ತರಿಸಿಕೊಂಡು ನಿಮ್ಮ ಪುಸ್ತಕದೊಡನೆ ತಾಳೆ ನೋಡಿರಿ. ಮನೆಯಲ್ಲಿ ಓದಿದ ಮಗಳಿದ್ದರೆ ಅವಳಿಗೆ ಲೆಕ್ಕ ಒಪ್ಪಿಸಿರಿ. ಕೀರ್ದಿ ಹೋಗಿ ಕಂಪ್ಯೂಟರು ಬಂದರೂ ಕೆಳಗೆ ಸಹಿ ಮಾಡಿದವನೇ ಲೆಕ್ಕಕ್ಕೆ ಹೊಣೆ.