ಪುಟ ಎಣಿಸಿದ ಕಾಯ್ದೆ

ದೊಡ್ಡ ಪತ್ರಿಕೆಗಳು ಸಣ್ಣ ಪತ್ರಿಕೆಗಳನ್ನು ನುಂಗದಂತೆ ಸರ್ಕಾರ ತಡೆಯಬಹುದೇ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಎದುರಾದದ್ದು ಪುಣೆಯ ‘ಸಕಾಳ್’ ಪತ್ರಿಕೆಯ ಮೊಕದ್ದಮೆ.

ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ನೇತೃತ್ವದ ಮೊದಲ ಪತ್ರಿಕಾ ಆಯೋಗ 1954ರಲ್ಲಿ ವರದಿ ಕೊಟ್ಟಿತು. ದೇಶದ ದಿನಪತ್ರಿಕೆಗಳ ಪ್ರಸಾರದಲ್ಲಿ ಸುಮಾರು ಅರ್ಧ ಕೇವಲ 15 ಮಾಲೀಕರ ಕೈಯಲ್ಲಿತ್ತು. ಜಾಹೀರಾತಿನ ಹಣವಿದ್ದವರು ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಡುತ್ತಾ ಹೋದರೆ ಹೊಸಬರು ತಲೆಯೆತ್ತುವುದು ಹೇಗೆ? ಆಯೋಗ ಸೂಚಿಸಿದ ಮದ್ದು ಸರಳವಾಗಿತ್ತು: ಬೆಲೆಗೆ ತಕ್ಕಷ್ಟೇ ಪುಟ. 1956ರಲ್ಲಿ ಇದಕ್ಕಾಗಿ ಕಾಯ್ದೆ ಬಂತು. 1960ರಲ್ಲಿ ಅದರಡಿ ಆದೇಶ ಹೊರಟಿತು.

ಆದರೆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 1932ರಲ್ಲಿ ಎನ್.ಬಿ. ಪರುಳೇಕರ್ ಕಟ್ಟಿದ ಒಂದು ಮರಾಠಿ ಪತ್ರಿಕೆ. ಯಾವ ದೇಶಭಾಷೆಯ ಪತ್ರಿಕೆಗಳನ್ನು ಕಾಯಬೇಕೆಂದು ಕಾಯ್ದೆ ಹುಟ್ಟಿತೋ ಅಂಥದ್ದೇ ಒಂದು! ‘ಸಕಾಳ್’ 7 ನಯಾಪೈಸೆಯ ದರದಲ್ಲಿ ವಾರದ ಆರು ದಿನ ಸೇರಿ 34 ಪುಟ ಕೊಡುತ್ತಿತ್ತು. ಅದೇ ಬೆಲೆಗೆ ಇನ್ನು 24 ಪುಟ ಮಾತ್ರ. ಬೆಲೆ ಏರಿಸಿದರೆ ಓದುಗರು ಕಡಿಮೆಯಾಗುತ್ತಾರೆ. ಪುಟ ಇಳಿಸಿದರೆ ಸುದ್ದಿ ಕಡಿಮೆಯಾಗುತ್ತದೆ. ಇಬ್ಬರು ಓದುಗರೂ ಪ್ರತ್ಯೇಕ ಅರ್ಜಿ ಹಾಕಿದ್ದರು ಎಂಬುದು ನನಗೆ ಇಷ್ಟವಾದ ವಿವರ.

1961ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಮುಧೋಳ್ಕರ್ ಬರೆದ ತೀರ್ಪು ಕಾಯ್ದೆಯನ್ನು ಹೊಡೆದುಹಾಕಿತು. ವ್ಯಾಪಾರವನ್ನು ಸಾರ್ವಜನಿಕ ಹಿತಕ್ಕಾಗಿ ನಿಯಂತ್ರಿಸಬಹುದು. ಆದರೆ ಆ ನೆಪದಲ್ಲಿ ಮಾತಿನ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವಂತಿಲ್ಲ. ಒಬ್ಬರ ದನಿ ಕೇಳಿಸಲೆಂದು ಇನ್ನೊಬ್ಬರ ದನಿ ತಗ್ಗಿಸಲಾಗದು ಎಂಬುದು ಅದರ ಸಾರ.

ಈ ಓದಿನಲ್ಲಿ ನಾನು ಪತ್ರಿಕೆಯ ಪಕ್ಷದಲ್ಲೇ ಇದ್ದೆ, 1972ರ ಬೆನೆಟ್ ಕೋಲ್ಮನ್ ಪ್ರಕರಣಕ್ಕೆ ಬರುವವರೆಗೆ. ಆಗ ಸರ್ಕಾರ ಮುದ್ರಣ ಕಾಗದದ ಹಂಚಿಕೆಯ ಮೂಲಕ 10 ಪುಟಗಳ ಮಿತಿ ಹೇರಿತ್ತು. ಬಹುಮತದ ತೀರ್ಪು ಅದನ್ನೂ ರದ್ದುಗೊಳಿಸಿತು. ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಮಾತ್ರ ಭಿನ್ನಮತ ಬರೆದರು. ವಾಕ್ ಸ್ವಾತಂತ್ರ್ಯ ಮುದ್ರಿಸುವವನದ್ದಷ್ಟೇ ಅಲ್ಲ, ಬಗೆಬಗೆಯ ಅಭಿಪ್ರಾಯ ಕೇಳುವ ಸಮಾಜದ್ದೂ ಹೌದು ಎಂಬುದು ಅವರ ನಿಲುವು.

ಎರಡೂ ಕಡೆ ಸತ್ಯವಿದೆ. ಕಾಗದ, ಬೆಲೆ, ಪುಟಗಳ ಕೀಲಿಕೈ ಕೊಟ್ಟರೆ ಸರ್ಕಾರ ಅದನ್ನು ತನ್ನ ಟೀಕಾಕಾರರ ಮೇಲೂ ತಿರುಗಿಸಬಲ್ಲದು. ಆದರೆ ಆಯೋಗ ಗುರುತಿಸಿದ ರೋಗ ಇದ್ದದ್ದು ಒಡೆತನದಲ್ಲಿ. ಕಾಯ್ದೆ ಅಳೆದದ್ದು ಪುಟಗಳನ್ನು. ಮದ್ದು ತಪ್ಪಿತೆಂದು ರೋಗ ಇಲ್ಲವಾಗದು. ಎಷ್ಟು ಪತ್ರಿಕೆಗಳಿವೆ ಎಂಬುದರ ಜೊತೆಗೆ ಅವು ಎಷ್ಟು ಜನರ ಕೈಯಲ್ಲಿವೆ ಎಂದೂ ನಾವು ಕೇಳುತ್ತಿರಬೇಕು.