ಲಂಡನ್ನಿನಲ್ಲಿ ಅಂಬಿಕೆ ಮತ್ತು ಧರ್ಮಯ್ಯ

ಲಂಡನ್ನಿಗೆ ಹೋದ ಹಲವು ಕನ್ನಡಿಗರು ಮೊದಲು ಅರಸುವುದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯನ್ನು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕಡಲು ದಾಟಿದ ಆ ಮರದ ಯಂತ್ರದ ಕಥೆ ಸರ್ವವಿದಿತ. ಜೈನ ಸಾಹಿತ್ಯ ಮತ್ತು ಇತಿಹಾಸದ ಅಭ್ಯಾಸಿಯಾದ ಪ್ರವಾಸಿಗನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ವಸ್ತುಗಳು ಬೇರೆ ಎರಡಿವೆ: ಒಂದು ಶಿಲ್ಪ, ಇನ್ನೊಂದು ಚಿತ್ರ.

1759ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಮಾಳವದ ಧಾರಾನಗರಿಯಿಂದ ಬಂದ ಅಮೃತಶಿಲೆಯ ದೇವೀಮೂರ್ತಿಯೊಂದಿದೆ. ಪರಮಾರ ಭೋಜನ ಸರಸ್ವತಿಯೆಂದು ಅದು ದೀರ್ಘಕಾಲ ಪ್ರಸಿದ್ಧವಾಗಿತ್ತು. ಧಾರದ ಹಲವರ ಶ್ರದ್ಧೆಯಲ್ಲಿ ಇಂದಿಗೂ ಅದು ವಾಗ್ದೇವಿಯೇ. ಆದರೆ ಪೀಠದ ಮೇಲೆ ಸಂವತ್ 1091ರ, ಅಂದರೆ ಕ್ರಿ.ಶ. 1034ರ ಶಾಸನವಿದೆ. ಹರಿವಲ್ಲಭ ಭಾಯಾಣಿ ಅವರಂಥ ವಿದ್ವಾಂಸರ ಓದಿನಂತೆ, ವರರುಚಿಯೆಂಬಾತನು ಮೊದಲು ವಾಗ್ದೇವಿಯನ್ನು, ಬಳಿಕ ಮೂವರು ಜಿನರ ಬಿಂಬಗಳನ್ನು, ಅನಂತರ ಈ ಅಂಬೆಯನ್ನು ಮಾಡಿಸಿದನು. ಪಾದದ ಬಳಿಯ ಸಿಂಹವೂ ನೇಮಿನಾಥನ ಯಕ್ಷಿಯಾದ ಅಂಬಿಕೆಯನ್ನೇ ಸೂಚಿಸುತ್ತದೆ. ಶಾಸನದಲ್ಲಿ ವಾಗ್ದೇವಿಯ ಹೆಸರು ಬಂದಿದ್ದರೂ ಆ ಹೆಸರು ಈ ಮೂರ್ತಿಯದಲ್ಲ; ಗೊಂದಲದ ಬೇರು ಇಲ್ಲಿಯೇ ಇದೆ.

ಎರಡನೆಯದು ಬ್ರಿಟಿಷ್ ಗ್ರಂಥಾಲಯದ ಸಂಗ್ರಹದಲ್ಲಿರುವ ವರ್ಣಚಿತ್ರ. ಥಾಮಸ್ ಹಿಕಿ 1816ರಲ್ಲಿ ಬರೆದ ಇದರ ನಡುವೆ ಕೆಂಪು ಸಮವಸ್ತ್ರದ ಕರ್ನಲ್ ಕಾಲಿನ್ ಮೆಕೆಂಜಿ ನಿಂತಿದ್ದಾನೆ. ಟಿಪ್ಪುವಿನ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿ, ಶಾಸನ, ಕೈಫಿಯತ್ತು, ಓಲೆಗರಿಗಳನ್ನು ರಾಶಿ ರಾಶಿಯಾಗಿ ಕೂಡಿಸಿದ ಅಧಿಕಾರಿ ಈತ. ಚಿತ್ರದ ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟನ ಬೃಹನ್ಮೂರ್ತಿ ಕಾಣುತ್ತದೆ. ಅದನ್ನು 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಕಾರ್ಕಳದ ಬಾಹುಬಲಿಯೆಂದು ಗುರುತಿಸಲಾಗಿದೆ.

ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ಅವರಲ್ಲಿ ಓಲೆಗರಿ ಹಿಡಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೆಂಬುದು ವಿದ್ವಾಂಸರ ಅಭಿಪ್ರಾಯ. ಹಳಗನ್ನಡದ ಶಾಸನಗಳನ್ನು ಓದಿ ಅರ್ಥ ಹೇಳಬಲ್ಲವನಾಗಿದ್ದ ಆತನ ನೆರವಿಲ್ಲದೆ ಮೆಕೆಂಜಿಗೆ ಆ ಕಲ್ಲುಗಳು ಮೂಕವಾಗಿಯೇ ಉಳಿಯುತ್ತಿದ್ದವು. ಆದರೂ ಸಂಗ್ರಹಕ್ಕೆ ಉಳಿದಿರುವುದು ಮೆಕೆಂಜಿಯ ಹೆಸರು. ಧರ್ಮಯ್ಯನ ಹೆಸರನ್ನು ಸಂಶೋಧಕರು ಕಡತಗಳಿಂದ ಹೆಕ್ಕಿ ತೆಗೆಯಬೇಕಾಯಿತು.

ಒಂದೆಡೆ ಮೂರ್ತಿಗೆ ಅನ್ಯನಾಮ, ಇನ್ನೊಂದೆಡೆ ಪಂಡಿತನಿಗೆ ವಿಸ್ಮೃತಿ. ಎರಡನ್ನೂ ಸರಿಪಡಿಸಿದ್ದು ಪೀಠದ ಅಕ್ಷರಗಳ ಹಾಗೂ ಹಳೆಯ ದಾಖಲೆಗಳ ತಾಳ್ಮೆಯ ಓದು. ಮೆಕೆಂಜಿಯ ಸಂಗ್ರಹದಲ್ಲಿ ಕನ್ನಡ ಬಲ್ಲವರೇ ಮಾಡಬಹುದಾದ ಅಂಥ ಓದಿಗೆ ಇನ್ನೂ ಸಾಕಷ್ಟು ಎಡೆಯಿದೆ.